ನೆತ್ತಿಯಲ್ಲಿ ಮೂಗು, ಮಾಂಸದಲ್ಲಿ ಉಸಿರು: ತಿಮಿಂಗಿಲ ಗಂಟೆಗಟ್ಟಲೆ ಮುಳುಗಿರುವುದು ಹೇಗೆ?

ದಡದ ಮರಳಿನಲ್ಲಿ ಸಿಕ್ಕಿಬಿದ್ದ ತಿಮಿಂಗಿಲದ ವಿಡಿಯೊ ಹರಿದಾಡಿದಾಗಲೆಲ್ಲ ನೋಡಿದವರ ಬಾಯಲ್ಲಿ ಎರಡು ಮಾತು ಬರುತ್ತವೆ. ‘ಪಾಪ, ನೀರಿಲ್ಲದೆ ಉಸಿರು ಕಟ್ಟುತ್ತಿದೆ’ ಎನ್ನುವುದು ಒಂದು. ‘ಅದು ಮೀನಲ್ಲವಲ್ಲ, ಉಸಿರಾಡುವುದು ಗಾಳಿಯನ್ನೇ. ಹಾಗಿದ್ದ ಮೇಲೆ ಗಾಳಿಯಲ್ಲೇ ಬಿದ್ದುಕೊಂಡು ಸಾಯುವುದೇಕೆ?’ ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಬೇಕೆಂದರೆ ತಿಮಿಂಗಿಲ ಉಸಿರನ್ನು ಎಲ್ಲಿಂದ ಎಳೆಯುತ್ತದೆ, ಎಳೆದದ್ದನ್ನು ಎಲ್ಲಿ ಕೂಡಿಡುತ್ತದೆ, ಹೇಗೆ ಖರ್ಚು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಒಂದು ವಿಷಯ ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ತಿಮಿಂಗಿಲ ಹೆಚ್ಚು ಹೊತ್ತು ಮುಳುಗಿರುವುದು ಶ್ವಾಸಕೋಶ ದೊಡ್ಡದಿರುವುದರಿಂದ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಮೈತೂಕಕ್ಕೆ ಹೋಲಿಸಿ ನೋಡಿದರೆ ಅದರ ಶ್ವಾಸಕೋಶ ನಮ್ಮದಕ್ಕಿಂತ ಚಿಕ್ಕದು.

ಕಿವಿರಿಲ್ಲದ ಕಡಲವಾಸಿ

ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಮೀನು ಕಿವಿರುಗಳ ಮೂಲಕ ಹೀರಿಕೊಳ್ಳುತ್ತದೆ. ತಿಮಿಂಗಿಲಕ್ಕೆ ಕಿವಿರು ಇಲ್ಲ. ಅದು ಬಿಸಿರಕ್ತದ ಸಸ್ತನಿ. ಮರಿ ಹಾಕುತ್ತದೆ, ಹಾಲೂಡಿಸುತ್ತದೆ, ನಮ್ಮ ಹಾಗೆಯೇ ಎರಡು ಶ್ವಾಸಕೋಶಗಳಿಂದ ಉಸಿರಾಡುತ್ತದೆ. ಡಾಲ್ಫಿನ್ ಕೂಡ ಇದೇ ಬಳಗದ್ದು, ಹಲ್ಲಿರುವ ಚಿಕ್ಕ ತಿಮಿಂಗಿಲ ಎಂದರೂ ನಡೆಯುತ್ತದೆ.

ಈ ಬಳಗದಲ್ಲಿ ಎರಡು ಪಂಗಡಗಳಿವೆ. ಸ್ಪರ್ಮ್ ತಿಮಿಂಗಿಲ, ಓರ್ಕಾ, ಡಾಲ್ಫಿನ್‌ಗಳು ಹಲ್ಲಿನ ಪಂಗಡಕ್ಕೆ ಸೇರಿದವು. ನೀಲಿ ತಿಮಿಂಗಿಲ, ಹಂಪ್‌ಬ್ಯಾಕ್ ಮುಂತಾದವುಗಳ ಬಾಯಲ್ಲಿ ಹಲ್ಲಿನ ಬದಲು ಬಲೀನ್ ಎಂಬ ಜಾಲರಿ ಇರುತ್ತದೆ. ನಮ್ಮ ಉಗುರಿನಲ್ಲಿರುವ ವಸ್ತುವಿನಿಂದಲೇ ಆದದ್ದು ಇದು. ನೀರನ್ನು ಸೋಸಿ ಸಣ್ಣ ಜೀವಿಗಳನ್ನು ನುಂಗಲು ಬೇಕು. ಉಸಿರಿನ ವಿಷಯದಲ್ಲೂ ಇವೆರಡಕ್ಕೂ ವ್ಯತ್ಯಾಸವಿದೆ. ಹಲ್ಲಿನವಕ್ಕೆ ಮೂಗಿನ ರಂಧ್ರ ಒಂದೇ, ಬಲೀನ್‌ನವಕ್ಕೆ ಎರಡು.

ಮೂಗು ಮೇಲೇರಿದ ಬಗೆ

ತಲೆಯ ಮೇಲಿರುವ ಆ ತೂತಿಗೆ ಬ್ಲೋಹೋಲ್ ಎನ್ನುತ್ತಾರೆ. ಅದೇನೂ ಹೊಸ ಅಂಗವಲ್ಲ, ಜಾಗ ಬದಲಿಸಿದ ಮೂಗಿನ ಹೊಳ್ಳೆ ಅಷ್ಟೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಪಾಕಿಸೀಟಸ್ ಎಂಬ ನಾಲ್ಕು ಕಾಲಿನ ಪೂರ್ವಜನಿಗೆ ಮೂಗು ನಾಯಿಯ ಹಾಗೆ ಮೂತಿಯ ತುದಿಯಲ್ಲೇ ಇತ್ತು. ಅದಾಗಿ ಸುಮಾರು ಒಂದು ಕೋಟಿ ವರ್ಷ ಕಳೆದ ಮೇಲೆ ಬಂದ ಬೆಸಿಲೊಸಾರಸ್‌ನ ತಲೆಬುರುಡೆಯಲ್ಲಿ ಮೂಗು ಮೂತಿಯ ನಡುದಾರಿಗೆ ಸರಿದಿರುವುದು ಕಾಣುತ್ತದೆ. ಇಂದಿನ ತಿಮಿಂಗಿಲಗಳಲ್ಲಿ ಅದು ನೆತ್ತಿಗೆ ತಲುಪಿದೆ.

ಇದರ ಲಾಭ ಈಜುವವರಿಗೆ ತಕ್ಷಣ ಅರ್ಥವಾಗುತ್ತದೆ. ಮನುಷ್ಯ ಈಜುವಾಗ ಪ್ರತಿ ಉಸಿರಿಗೂ ತಲೆ ಹೊರಳಿಸಬೇಕು, ಹೊರಳಿಸಿದಾಗಲೆಲ್ಲ ವೇಗ ತಗ್ಗುತ್ತದೆ. ತಿಮಿಂಗಿಲ ನೆತ್ತಿಯನ್ನಷ್ಟೇ ನೀರಿನಿಂದ ಮೇಲೆ ತಂದರೆ ಸಾಕು. ಸ್ಪರ್ಮ್ ತಿಮಿಂಗಿಲ ಮಾತ್ರ ಈ ಮಾತಿಗೆ ಹೊರತು. ಅದರ ರಂಧ್ರ ತಲೆಯ ಮುಂತುದಿಯಲ್ಲಿ, ಅದೂ ಎಡಕ್ಕೆ ವಾಲಿಕೊಂಡು ಇರುತ್ತದೆ.

ರಂಧ್ರ ಮುಚ್ಚಿರುವುದೇ ಸಹಜ ಸ್ಥಿತಿ ಎನ್ನುವುದನ್ನು ಗಮನಿಸಬೇಕು. ನಾವು ನೀರಿಗಿಳಿದಾಗ ಮೂಗು ಮುಚ್ಚಿಕೊಳ್ಳಲು ಬೆರಳು ಬೇಕು. ತಿಮಿಂಗಿಲದ್ದು ಇದಕ್ಕೆ ತದ್ವಿರುದ್ಧ. ಸ್ನಾಯುಗಳು ಸಡಿಲವಾಗಿದ್ದಾಗ ದಪ್ಪನೆಯ ಬೆಣೆಯಂಥ ಮಾಂಸ ರಂಧ್ರದೊಳಗೆ ಕೂತು ಅದನ್ನು ಬಿಗಿಯಾಗಿ ಮುಚ್ಚಿರುತ್ತದೆ. ತೆರೆಯಬೇಕಾದರೆ ಸ್ನಾಯುಗಳನ್ನು ಎಳೆಯಬೇಕು. ಹೀಗಾಗಿ ಮುಚ್ಚಿಟ್ಟುಕೊಳ್ಳಲು ಅದಕ್ಕೆ ಶಕ್ತಿ ಖರ್ಚಾಗುವುದಿಲ್ಲ, ಖರ್ಚಾಗುವುದು ತೆರೆಯಲು.

ಆ ಕಾರಂಜಿ ನೀರಿನದಲ್ಲ

ಮಕ್ಕಳ ಚಿತ್ರಗಳಲ್ಲಿ ತಿಮಿಂಗಿಲದ ತಲೆಯಿಂದ ನೀರಿನ ಕಾರಂಜಿ ಚಿಮ್ಮುತ್ತಿರುತ್ತದೆ. ನಿಜದಲ್ಲಿ ಅದು ನಿಶ್ವಾಸ. ಮೈಯೊಳಗಿನ ಬೆಚ್ಚಗಿನ, ತೇವ ತುಂಬಿದ ಗಾಳಿ ಒಮ್ಮೆಲೇ ಹೊರನುಗ್ಗಿ ಹಿಗ್ಗಿದಾಗ ತಣ್ಣಗಾಗುತ್ತದೆ, ಅದರಲ್ಲಿದ್ದ ಆವಿ ಹನಿಗಟ್ಟುತ್ತದೆ. ಚಳಿಯ ಬೆಳಗ್ಗೆ ನಮ್ಮ ಬಾಯಿಂದ ಹೊರಡುವ ಹಬೆ ಕೂಡ ಇಂಥದ್ದೇ. ತಿಮಿಂಗಿಲದ ಹಬೆಯಲ್ಲಿ ಇನ್ನೆರಡು ವಸ್ತುಗಳು ಸೇರಿಕೊಂಡಿರುತ್ತವೆ. ಒಂದು, ಉಸಿರಿನ ದಾರಿಯ ಲೋಳೆ. ಇನ್ನೊಂದು, ರಂಧ್ರದ ಸುತ್ತಲಿನ ಗುಳಿಯಲ್ಲಿ ನಿಂತಿದ್ದ ಒಂದಿಷ್ಟು ಕಡಲ ನೀರು. ಪೂರ್ತಿ ಮೇಲೆ ಬರುವ ಮೊದಲೇ ತಿಮಿಂಗಿಲ ಉಸಿರು ಬಿಡಲು ಶುರು ಮಾಡುವುದರಿಂದ ಆ ನೀರೂ ಸಿಡಿಯುತ್ತದೆ.

ನೀಲಿ ತಿಮಿಂಗಿಲದ ಈ ಹಬೆಕಂಬ 9 ಮೀಟರ್‌ಗೂ ಮೇಲೇಳುತ್ತದೆ, ಅಂದರೆ ಮೂರು ಮಹಡಿಯ ಕಟ್ಟಡದೆತ್ತರ. ರೈಟ್ ತಿಮಿಂಗಿಲದ್ದು ಎರಡಾಗಿ ಕವಲೊಡೆದು ‘ವಿ’ ಅಕ್ಷರದಂತೆ ಕಾಣುತ್ತದೆ. ಸ್ಪರ್ಮ್ ತಿಮಿಂಗಿಲದ್ದು ನೆಟ್ಟಗೆ ಏಳದೆ ಎಡಕ್ಕೂ ಮುಂದಕ್ಕೂ ಓರೆಯಾಗಿ ಹಾರುತ್ತದೆ. ಅನುಭವಿ ನಾವಿಕರು ಕಿಲೋಮೀಟರ್‌ಗಟ್ಟಲೆ ದೂರದಿಂದ ಬರೀ ಹಬೆ ನೋಡಿಯೇ ಜಾತಿ ಹೇಳಬಲ್ಲರು. ಈಗ ಸಂಶೋಧಕರು ಈ ಹಬೆಯ ಮೇಲೆ ಡ್ರೋನ್ ಹಾರಿಸಿ, ಅದಕ್ಕೆ ಕಟ್ಟಿದ ತಟ್ಟೆಗಳಲ್ಲಿ ಲೋಳೆ ಹಿಡಿಯುತ್ತಾರೆ. ಪ್ರಾಣಿಯನ್ನು ಮುಟ್ಟದೆಯೇ ಹಾರ್ಮೋನು, ಬ್ಯಾಕ್ಟೀರಿಯಾ, ಡಿಎನ್‌ಎ ಎಲ್ಲವೂ ಸಿಗುತ್ತವೆ. ಗಾಳಿ ಬೀಸುವ ದಿಕ್ಕಿನಲ್ಲಿ ದೋಣಿ ನಿಲ್ಲಿಸಿಕೊಂಡವರಿಗೆ ಅದರ ಜೊತೆಗೆ ಕೊಳೆತ ಮೀನಿನ ನಾತವೂ ಸಿಗುತ್ತದೆ!

ಎರಡು ಸೆಕೆಂಡಿನಲ್ಲಿ ನಾಲ್ಕು ಟ್ಯಾಂಕ್ ಗಾಳಿ

ಸುಮ್ಮನೆ ಕೂತಾಗ ನಾವು ಪ್ರತಿ ಉಸಿರಿಗೆ ಒಳಗೆಳೆಯುವುದು ಸುಮಾರು ಅರ್ಧ ಲೀಟರ್ ಗಾಳಿ. ನಮ್ಮ ಶ್ವಾಸಕೋಶದಲ್ಲಿ ಹಿಡಿಸುವುದು ಸುಮಾರು 6 ಲೀಟರ್. ಅಂದರೆ ಒಂದು ಉಸಿರಿಗೆ ಬದಲಾಗುವುದು ಹತ್ತನೇ ಒಂದು ಪಾಲೂ ಇಲ್ಲ, ಮಿಕ್ಕದ್ದೆಲ್ಲ ಹಳೆಯ ಗಾಳಿಯೇ. ತಿಮಿಂಗಿಲ ಒಂದೇ ಉಸಿರಿಗೆ ಶೇ 80ರಿಂದ 90ರಷ್ಟು ಗಾಳಿಯನ್ನು ಬದಲಿಸಬಲ್ಲದು.

ನೀಲಿ ತಿಮಿಂಗಿಲದ ಶ್ವಾಸಕೋಶದಲ್ಲಿ ಸುಮಾರು 5,000 ಲೀಟರ್ ಗಾಳಿ ಹಿಡಿಯುತ್ತದೆ. ಶೇ 80 ಎಂದರೆ 4,000 ಲೀಟರ್, ಸಾವಿರ ಲೀಟರಿನ ನಾಲ್ಕು ನೀರಿನ ಟ್ಯಾಂಕ್‌ಗಳಷ್ಟು. ಇಷ್ಟನ್ನೂ ಹೊರಹಾಕಿ ಹೊಸದನ್ನು ತುಂಬಿಕೊಳ್ಳಲು ಅದಕ್ಕೆ ಬೇಕಾಗುವುದು ಬರೀ ಎರಡು ಸೆಕೆಂಡಿನ ಆಸುಪಾಸು. ಡಾಲ್ಫಿನ್‌ಗೆ ಒಂದು ಸೆಕೆಂಡಿನ ಮೂರನೇ ಒಂದು ಭಾಗ ಸಾಕು.

ಇಷ್ಟು ರಭಸದಲ್ಲಿ ಗಾಳಿಯನ್ನು ಹಿಂಡಲು ಹೋದರೆ ನಮ್ಮ ಶ್ವಾಸಕೋಶದ ಸಣ್ಣ ನಳಿಕೆಗಳು ನಡುವಿನಲ್ಲೇ ಚಪ್ಪಟೆಯಾಗಿ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಮೆತ್ತನೆಯ ಕೊಳವೆಯಲ್ಲಿ ಜೋರಾಗಿ ಹೀರಿದರೆ ಗೋಡೆಗಳು ಅಂಟಿಕೊಳ್ಳುವುದಿಲ್ಲವೇ, ಹಾಗೆ. ತಿಮಿಂಗಿಲದಲ್ಲಿ ಮೃದ್ವಸ್ಥಿಯ ಉಂಗುರಗಳು ದೊಡ್ಡ ಶ್ವಾಸನಾಳದಿಂದ ಹಿಡಿದು ಗಾಳಿಚೀಲಗಳ ಬಾಗಿಲತನಕ ಇರುತ್ತವೆ, ಕೊಳವೆ ಕುಸಿಯಲು ಬಿಡುವುದಿಲ್ಲ. ಗಾಳಿಚೀಲಗಳ ನಡುವಿನ ಗೋಡೆಗಳಲ್ಲಿ ನಮಗೆ ಒಂದು ಪದರ ಸೂಕ್ಷ್ಮ ರಕ್ತನಾಳಗಳಿದ್ದರೆ ಅವಕ್ಕೆ ಎರಡು ಪದರ. ಒಳಬಂದ ಗಾಳಿಯಿಂದ ಆಮ್ಲಜನಕವನ್ನು ಬೇಗ ಸೆಳೆಯಲು ಇದು ನೆರವಾಗುತ್ತದೆ.

ನೆತ್ತಿಗೆ ಹತ್ತದ ಊಟ

ಊಟದ ನಡುವೆ ಮಾತಾಡಿದರೆ ನಮಗೆ ನೆತ್ತಿಗೆ ಹತ್ತುತ್ತದೆ. ಗಂಟಲಿನಲ್ಲಿ ಅನ್ನದ ದಾರಿಯೂ ಗಾಳಿಯ ದಾರಿಯೂ ಒಂದನ್ನೊಂದು ಹಾಯುವುದರಿಂದ ಆಗುವ ಎಡವಟ್ಟು ಅದು. ತಿಮಿಂಗಿಲಕ್ಕೆ ಮೂಗೇ ನೆತ್ತಿಯ ಮೇಲಿದ್ದರೂ ಈ ತೊಂದರೆ ಹೆಚ್ಚುಕಡಿಮೆ ಇಲ್ಲ.

ಹಲ್ಲಿನ ತಿಮಿಂಗಿಲಗಳಲ್ಲಿ ಧ್ವನಿಪೆಟ್ಟಿಗೆ ಹೆಬ್ಬಾತಿನ ಕೊಕ್ಕಿನಂತೆ ಉದ್ದವಾಗಿ ಮೇಲಕ್ಕೆ ಚಾಚಿ ಮೂಗಿನ ಕೊಳವೆಯೊಳಗೆ ಸಿಕ್ಕಿಸಿಕೊಂಡಿರುತ್ತದೆ. ಸುತ್ತಲಿನ ಸ್ನಾಯು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಗಾಳಿ ನೆತ್ತಿಯಿಂದ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ನುಂಗಿದ ಮೀನು ಆ ಕೊಳವೆಯ ಪಕ್ಕದಿಂದ ಜಾರಿ ಅನ್ನನಾಳ ಸೇರುತ್ತದೆ. ಬಾಯಿಗೂ ಉಸಿರಿಗೂ ಸಂಬಂಧವೇ ಇಲ್ಲ, ನೆಗಡಿಯಾದರೆ ಬಾಯಿಂದ ಉಸಿರಾಡುವ ನಮ್ಮ ಅನುಕೂಲ ಅವಕ್ಕಿಲ್ಲ. ನ್ಯೂಜಿಲೆಂಡ್‌ನಲ್ಲಿ ಹೆಕ್ಟರ್ಸ್ ಜಾತಿಯ ಒಂದು ಡಾಲ್ಫಿನ್ ಬಾಯಿಂದ ಉಸಿರಾಡುತ್ತಿದ್ದುದು 2016ರಲ್ಲಿ ವರದಿಯಾದಾಗ ತಜ್ಞರು ಬೆರಗಾದದ್ದು ಈ ಕಾರಣಕ್ಕೇ.

ಈ ಜೋಡಣೆ ಕೈಕೊಡುವುದೂ ಉಂಟು. ತೀರ ದೊಡ್ಡ ಮೀನನ್ನೋ ಮುಳ್ಳು ರೆಕ್ಕೆಯ ಮೀನನ್ನೋ ನುಂಗಲು ಹೋದ ಡಾಲ್ಫಿನ್‌ನಲ್ಲಿ ಧ್ವನಿಪೆಟ್ಟಿಗೆ ತನ್ನ ಗೂಡಿನಿಂದ ಕಳಚಿ, ಗಾಳಿಯ ದಾರಿ ಮುಚ್ಚಿ ಪ್ರಾಣ ಹೋದ ಪ್ರಕರಣಗಳು ದಾಖಲಾಗಿವೆ.

ಬಲೀನ್ ತಿಮಿಂಗಿಲಗಳ ಸಮಸ್ಯೆ ಬೇರೆ. ಅವು ಬಾಯಿ ತೆರೆದು ನುಗ್ಗುತ್ತವೆ, ಮೈಯಷ್ಟೇ ಗಾತ್ರದ ನೀರು ಒಮ್ಮೆಲೇ ಒಳಬರುತ್ತದೆ. ಅದು ಗಂಟಲಿಗೆ ನುಗ್ಗದಂತೆ ತಡೆಯುವುದು ಯಾವುದು? ಕೊಬ್ಬು ಮತ್ತು ಸ್ನಾಯುವಿನ ಒಂದು ಬಿರಡೆ ಗಂಟಲಿನ ಬಾಯನ್ನು ಮುಚ್ಚಿರುತ್ತದೆ ಎಂಬುದು ಫಿನ್ ತಿಮಿಂಗಿಲಗಳ ಅಧ್ಯಯನದಿಂದ 2022ರಲ್ಲಿ ತಿಳಿಯಿತು. ನುಂಗುವ ಗಳಿಗೆಯಲ್ಲಿ ಅದು ಹಿಂದಕ್ಕೂ ಮೇಲಕ್ಕೂ ಸರಿದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಅನ್ನನಾಳ ತೆರೆದುಕೊಳ್ಳುತ್ತದೆ.

ದಾಸ್ತಾನು ಇರುವುದು ಬೇರೆಡೆ

ಈಗ ಮುಖ್ಯ ವಿಷಯಕ್ಕೆ ಬರೋಣ. 65 ಕೆಜಿಯ ಮನುಷ್ಯನಿಗೆ 6 ಲೀಟರ್ ಶ್ವಾಸಕೋಶ ಎಂದರೆ ಕೆಜಿಗೆ ಸುಮಾರು 90 ಮಿಲಿಲೀಟರ್ ಆಯಿತು. 100 ಟನ್ನಿನ ನೀಲಿ ತಿಮಿಂಗಿಲಕ್ಕೆ 5,000 ಲೀಟರ್ ಎಂದರೆ ಕೆಜಿಗೆ 50 ಮಿಲಿಲೀಟರ್. ಹಾಗಾದರೆ ಮುಳುಗಿದ ಮೇಲೆ ಬೇಕಾಗುವ ಆಮ್ಲಜನಕವನ್ನು ಅದು ಎಲ್ಲಿಟ್ಟುಕೊಂಡಿರುತ್ತದೆ?

ಒಂದು ಪಾಲು ರಕ್ತದಲ್ಲಿ. ನಮ್ಮ ಮೈಯಲ್ಲಿ ಕೆಜಿಗೆ ಸುಮಾರು 70 ಮಿಲಿಲೀಟರ್ ರಕ್ತವಿದ್ದರೆ, ಸ್ಪರ್ಮ್ ತಿಮಿಂಗಿಲದಲ್ಲಿ ಸುಮಾರು 200. ನಮಗೂ ಅದೇ ಲೆಕ್ಕ ಅನ್ವಯಿಸಿದ್ದರೆ 70 ಕೆಜಿಯ ಮನುಷ್ಯ 5 ಲೀಟರ್ ಬದಲು 14 ಲೀಟರ್ ರಕ್ತ ಹೊತ್ತು ತಿರುಗಬೇಕಾಗುತ್ತಿತ್ತು. ಆ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕೂಡ ದಟ್ಟವಾಗಿರುತ್ತದೆ.

ಇನ್ನೊಂದು ಪಾಲು ಸ್ನಾಯುಗಳಲ್ಲಿ. ಅಲ್ಲಿರುವ ಪ್ರೋಟೀನ್ ಹೆಸರು ಮಯೋಗ್ಲೋಬಿನ್. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಸಾಗಿಸುವ ಗಾಡಿಯಾದರೆ ಮಯೋಗ್ಲೋಬಿನ್ ಅದನ್ನು ಇಟ್ಟುಕೊಳ್ಳುವ ಉಗ್ರಾಣ. ರಕ್ತದಿಂದ ಪಡೆದದ್ದನ್ನು ಸ್ನಾಯುವಿನೊಳಗೇ ಹಿಡಿದಿಟ್ಟುಕೊಂಡು, ಸ್ನಾಯುವಿಗೆ ತೀರ ಕೊರತೆಯಾದಾಗಷ್ಟೇ ಬಿಟ್ಟುಕೊಡುತ್ತದೆ. ಮಾಂಸಕ್ಕೆ ಕೆಂಪು ಬರುವುದೂ ಇದರಿಂದಲೇ. ಆಳಕ್ಕಿಳಿಯುವ ತಿಮಿಂಗಿಲಗಳಲ್ಲಿ ಇದು ನಮ್ಮಲ್ಲಿರುವುದಕ್ಕಿಂತ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು. ಅವುಗಳ ಮಾಂಸ ಕೆಂಪಲ್ಲ, ಕಪ್ಪಿಗೆ ತಿರುಗಿರುತ್ತದೆ. 1958ರಲ್ಲಿ ಜಾನ್ ಕೆಂಡ್ರ್ಯೂ ಮೊತ್ತಮೊದಲ ಬಾರಿಗೆ ಒಂದು ಪ್ರೋಟೀನಿನ ಮೂರು ಆಯಾಮದ ರಚನೆಯನ್ನು ಬಿಡಿಸಿ ತೋರಿಸಿದಾಗ ಆರಿಸಿಕೊಂಡಿದ್ದು ಸ್ಪರ್ಮ್ ತಿಮಿಂಗಿಲದ ಮಯೋಗ್ಲೋಬಿನ್ ಅನ್ನೇ. ಅದು ಬೇಕಾದಷ್ಟು ಸಿಗುತ್ತಿತ್ತು, ಒಳ್ಳೆಯ ಹರಳುಗಟ್ಟುತ್ತಿತ್ತು. 1962ರಲ್ಲಿ ಮ್ಯಾಕ್ಸ್ ಪೆರುಟ್ಸ್ ಅವರೊಡನೆ ಕೆಂಡ್ರ್ಯೂ ನೊಬೆಲ್ ಹಂಚಿಕೊಂಡರು.

ಇಲ್ಲೊಂದು ತೊಡಕಿದೆ. ಯಾವುದೇ ಪ್ರೋಟೀನನ್ನು ಇಷ್ಟು ಕಿಕ್ಕಿರಿದು ತುಂಬಿದರೆ ಅದು ಒಂದಕ್ಕೊಂದು ಅಂಟಿ ಗಂಟಾಗುತ್ತದೆ, ಕೆಲಸಕ್ಕೆ ಬಾರದಾಗುತ್ತದೆ. ತಿಮಿಂಗಿಲದ ಮಯೋಗ್ಲೋಬಿನ್‌ನ ಹೊರಮೈಯಲ್ಲಿ ಧನ ವಿದ್ಯುದಂಶ ಹೆಚ್ಚು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎರಡು ಅಯಸ್ಕಾಂತಗಳ ಒಂದೇ ಧ್ರುವವನ್ನು ಎದುರುಬದುರು ತಂದರೆ ದೂಡಿಕೊಳ್ಳುವ ಹಾಗೆ ಈ ಅಣುಗಳು ಪರಸ್ಪರ ದೂಡುತ್ತ, ಎಷ್ಟೇ ಒತ್ತಾಗಿದ್ದರೂ ಅಂಟಿಕೊಳ್ಳದೆ ಉಳಿಯುತ್ತವೆ.

ಒಟ್ಟು ಲೆಕ್ಕ ಹಾಕಿದರೆ ಸ್ಪರ್ಮ್ ತಿಮಿಂಗಿಲ ಕೆಜಿಗೆ ನಮ್ಮ ಸುಮಾರು ನಾಲ್ಕು ಪಟ್ಟು ಆಮ್ಲಜನಕ ಕೂಡಿಟ್ಟಿರುತ್ತದೆ. ಅದರಲ್ಲಿ ಶ್ವಾಸಕೋಶದ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಮಿಕ್ಕದ್ದೆಲ್ಲ ರಕ್ತ ಮತ್ತು ಮಾಂಸದ್ದು. ಹಾಗಾಗಿ ತಿಮಿಂಗಿಲ ‘ಉಸಿರು ಬಿಗಿಹಿಡಿಯುತ್ತದೆ’ ಎನ್ನುವುದು ಮಾತಿನ ಅನುಕೂಲಕ್ಕಷ್ಟೇ ಸರಿ. ಶ್ವಾಸಕೋಶ ಅದಕ್ಕೆ ಜೇಬು, ತಿಜೋರಿ ಬೇರೆಡೆ ಇದೆ.

ಈ ತಿಜೋರಿ ಹುಟ್ಟಿನಿಂದ ಬರುವುದಲ್ಲ. ನವಜಾತ ಮರಿಯ ಸ್ನಾಯುವಿನಲ್ಲಿ ಮಯೋಗ್ಲೋಬಿನ್ ತೀರ ಕಡಿಮೆ. ಬೆಳೆಯುತ್ತ, ಈಜುತ್ತ ಅದು ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ ಮರಿ ಪದೇಪದೇ ಮೇಲೆ ಬರಲೇಬೇಕು. ಆಳಕ್ಕೆ ಬೇಟೆಗೆ ಹೋದ ಸ್ಪರ್ಮ್ ತಾಯಿಯ ಮರಿ ಮೇಲೆಯೇ ಉಳಿಯುತ್ತದೆ, ಗುಂಪಿನ ಉಳಿದವು ಅದರ ಮೇಲೆ ಕಣ್ಣಿಟ್ಟಿರುತ್ತವೆ.

ಕೂಡಿಟ್ಟದ್ದನ್ನು ಕೈಬಿಗಿಹಿಡಿದು ಖರ್ಚು ಮಾಡುವುದು

ಎಷ್ಟೇ ಕೂಡಿಟ್ಟರೂ ಖರ್ಚಿಗೆ ಕಡಿವಾಣ ಬೇಕು. ಮುಳುಗಿದ ಕೂಡಲೇ ತಿಮಿಂಗಿಲದ ಹೃದಯ ನಿಧಾನವಾಗುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಒಂದು ನೀಲಿ ತಿಮಿಂಗಿಲದ ಮೈಗೆ ಹೀರುಬಟ್ಟಲುಗಳಿಂದ ಉಪಕರಣ ಅಂಟಿಸಿ ಎದೆಬಡಿತ ಅಳೆದರು. ನೀರಿನ ಮೇಲಿದ್ದಾಗ ನಿಮಿಷಕ್ಕೆ 25ರಿಂದ 37, ಮುಳುಗಿದಾಗ 4ರಿಂದ 8. ತೀರ ಕೆಳಗಿಳಿದಾಗ ನಿಮಿಷಕ್ಕೆ ಎರಡೇ ಬಡಿತ.

ಅದರೊಂದಿಗೆ ಕೈಕಾಲುಗಳಂಥ ಈಜುರೆಕ್ಕೆ, ಚರ್ಮ, ಜೀರ್ಣಾಂಗಗಳಿಗೆ ಹೋಗುವ ರಕ್ತನಾಳಗಳು ಬಿಗಿಯಾಗಿ, ಮಿದುಳು ಮತ್ತು ಹೃದಯಕ್ಕೆ ಮಾತ್ರ ರಕ್ತ ಧಾರಾಳವಾಗಿ ಹರಿಯುತ್ತದೆ. ಸ್ನಾಯುಗಳು ತಮ್ಮ ಮಯೋಗ್ಲೋಬಿನ್ ದಾಸ್ತಾನಿನಲ್ಲೇ ದಿನ ತಳ್ಳಬೇಕು. ಅದೂ ಬರಿದಾದರೆ ಆಮ್ಲಜನಕವಿಲ್ಲದೆ ಶಕ್ತಿ ಹುಟ್ಟಿಸುವ ಇನ್ನೊಂದು ದಾರಿಯಿದೆ. ಆದರೆ ಅದರಿಂದ ಲ್ಯಾಕ್ಟಿಕ್ ಆಮ್ಲ ಕೂಡುತ್ತದೆ, ಮೇಲೆ ಬಂದಮೇಲೆ ಆ ಸಾಲ ತೀರಿಸಬೇಕು.

ಈಜುವುದರಲ್ಲೂ ಲೆಕ್ಕಾಚಾರವಿದೆ. ಸ್ವಲ್ಪ ಆಳಕ್ಕೆ ಹೋದಮೇಲೆ ಶ್ವಾಸಕೋಶದ ಗಾಳಿ ಕುಗ್ಗಿ ಮೈ ನೀರಿಗಿಂತ ಭಾರವಾಗುತ್ತದೆ. ಆಗ ಬಹುಪಾಲು ಜಾತಿಗಳು ಬಾಲ ಬಡಿಯುವುದನ್ನು ನಿಲ್ಲಿಸಿ ಕಲ್ಲಿನಂತೆ ಜಾರುತ್ತ ಇಳಿಯುತ್ತವೆ. ದೊಡ್ಡ ಮೈ ಕೂಡ ಉಳಿತಾಯಕ್ಕೆ ದಾರಿ. ಪ್ರಾಣಿ ದೊಡ್ಡದಾದಷ್ಟೂ ಕೆಜಿಗೆ ತಗಲುವ ಆಮ್ಲಜನಕ ಕಡಿಮೆ.

ಉಸಿರು ಕಟ್ಟಿದಾಗ ನಮ್ಮೊಳಗೆ ಹುಟ್ಟುವ ಚಡಪಡಿಕೆಗೆ ಮುಖ್ಯ ಕಾರಣ ಆಮ್ಲಜನಕ ತೀರಿದ್ದಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದು. ತಿಮಿಂಗಿಲದ ಮೈ ಅದನ್ನು ನಮಗಿಂತ ಬಹಳ ಹೆಚ್ಚು ತಾಳಿಕೊಳ್ಳುತ್ತದೆ.

ಹಾಗಾದರೆ ಉಸಿರು ಬಿಡದೆ ಅವು ಹಾಡುವುದು, ಕ್ಲಿಕ್ ಸದ್ದು ಮಾಡುವುದು ಹೇಗೆ? ಗಾಳಿಯನ್ನು ಹೊರಬಿಡದೆ, ಮೈಯೊಳಗೇ ಆಚೀಚೆ ಓಡಿಸಿ ಅದನ್ನೇ ಮತ್ತೆ ಮತ್ತೆ ಬಳಸುತ್ತವೆ. ಸಾವಿರ ಮೀಟರ್ ಆಳದಲ್ಲಿ ಬೇಟೆ ಹುಡುಕುವ ಸ್ಪರ್ಮ್ ತಿಮಿಂಗಿಲಕ್ಕೆ ಇಷ್ಟು ಸಾಕು.

ಕುಸಿಯುವುದರಿಂದಲೇ ಉಳಿಯುವ ಶ್ವಾಸಕೋಶ

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್‌ನಲ್ಲಿ ಗಾಳಿಯ ಗಾತ್ರ ಅರ್ಧ, 30ರಲ್ಲಿ ಕಾಲು ಭಾಗ, 90ರಲ್ಲಿ ಹತ್ತನೇ ಒಂದು. ಸಾವಿರ ಮೀಟರ್‌ನಲ್ಲಿ 100 ಲೀಟರ್ ಗಾಳಿ ಒಂದು ಲೀಟರಿಗೆ ಇಳಿದಿರುತ್ತದೆ. ಈ ಒತ್ತಡವನ್ನು ತಡೆದು ನಿಲ್ಲಬೇಕಿದ್ದರೆ ಎದೆಗೂಡು ಉಕ್ಕಿನದಾಗಬೇಕಿತ್ತು. ತಿಮಿಂಗಿಲದ ದೇಹ ತಡೆಯಲು ಹೋಗುವುದೇ ಇಲ್ಲ. ಅದರ ಹಲವು ಪಕ್ಕೆಲುಬುಗಳು ಎದೆಯ ಮೂಳೆಗೆ ಸೇರದೆ ಸಡಿಲವಾಗಿರುತ್ತವೆ, ಎದೆಗೂಡು ಒಳಕ್ಕೆ ಮಡಚಿಕೊಳ್ಳುತ್ತದೆ. ಗಾಳಿಚೀಲಗಳು ಚಪ್ಪಟೆಯಾಗಿ, ಉಳಿದ ಗಾಳಿ ಮೃದ್ವಸ್ಥಿಯ ಗಟ್ಟಿ ಕೊಳವೆಗಳಿಗೆ ಸರಿಯುತ್ತದೆ.

ಇದರಿಂದ ದೊಡ್ಡ ಉಪಕಾರವಾಗುತ್ತದೆ. ಗಾಳಿಯಲ್ಲಿ ಶೇ 78ರಷ್ಟು ಸಾರಜನಕ. ಒತ್ತಡದಲ್ಲಿ ಅದು ರಕ್ತದಲ್ಲಿ ಕರಗುತ್ತದೆ. ಬೇಗ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳೇಳುತ್ತವೆ. ಸಿಲಿಂಡರ್ ಹೊತ್ತು ಇಳಿಯುವ ಮುಳುಗುಗಾರರು ಹಂತಹಂತವಾಗಿ ನಿಂತು ಮೇಲೆ ಬರುವುದು ಈ ಗುಳ್ಳೆಗಳ ಭಯಕ್ಕೆ. ತಿಮಿಂಗಿಲದಲ್ಲಿ ಗಾಳಿಯು ಕೊಳವೆ ಸೇರಿಬಿಟ್ಟರೆ ಅಲ್ಲಿಂದ ರಕ್ತಕ್ಕೆ ಇಳಿಯಲು ದಾರಿಯಿಲ್ಲ. ಶ್ವಾಸಕೋಶ ಚಿಕ್ಕದಿರುವುದು ಕೊರತೆಯಲ್ಲ, ರಕ್ಷಣೆ ಎನ್ನುವುದು ಈಗ ಸ್ಪಷ್ಟವಾಗುತ್ತದೆ.

ಯಾರು ಎಷ್ಟು ಹೊತ್ತು?

ಡಾಲ್ಫಿನ್, ಓರ್ಕಾಗಳದ್ದು ಸಾಮಾನ್ಯವಾಗಿ ಕೆಲವೇ ನಿಮಿಷಗಳ ಮುಳುಗು. ಹಂಪ್‌ಬ್ಯಾಕ್ 5ರಿಂದ 10 ನಿಮಿಷ, ಬೇಕೆಂದರೆ ಅರ್ಧ ಗಂಟೆಯವರೆಗೆ. ನೀಲಿ ತಿಮಿಂಗಿಲ ಅಷ್ಟು ದೊಡ್ಡದಾದರೂ ಸಾಮಾನ್ಯವಾಗಿ 10–15 ನಿಮಿಷಕ್ಕೆ ಮೇಲೆ ಬರುತ್ತದೆ. ಬಾಯಿ ತೆರೆದು ನುಗ್ಗುವ ಅದರ ಬೇಟೆ ದುಬಾರಿ, ದಾಸ್ತಾನು ಬೇಗ ಕರಗುತ್ತದೆ.

ಸ್ಪರ್ಮ್ ತಿಮಿಂಗಿಲ ಸುಮಾರು 45 ನಿಮಿಷ ಮುಳುಗಿ ಸಾವಿರ ಮೀಟರ್ ದಾಟುತ್ತದೆ. ಇಷ್ಟು ಆಳಕ್ಕೆ ಹೋಗುತ್ತದೆಂಬ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದು ಟೆಲಿಗ್ರಾಫ್ ಕೇಬಲ್‌ಗಳಿಂದ. ಕೆಟ್ಟ ಕೇಬಲ್ ಮೇಲೆತ್ತಿದಾಗ ಅದರಲ್ಲಿ ಸುತ್ತಿಕೊಂಡು ಸತ್ತ ಸ್ಪರ್ಮ್ ತಿಮಿಂಗಿಲಗಳು ಬಂದಿದ್ದವು. ಮೇಲೆ ಬಂದಮೇಲೆ ಅದು ಎಂಟು ಹತ್ತು ನಿಮಿಷ ಕದಲದೆ ಮಲಗಿ, ಹತ್ತು ಹದಿನೈದು ಸೆಕೆಂಡಿಗೊಂದರಂತೆ ಉಸಿರು ಬಿಡುತ್ತಿರುತ್ತದೆ. ಮುಳುಗಿದ ಪ್ರತಿ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಉಸಿರು ಎಂದು ಹಳೆಯ ಬೇಟೆಗಾರರು ಲೆಕ್ಕ ಇಡುತ್ತಿದ್ದರು. ಮೊದಲ ಉಸಿರು ಶ್ವಾಸಕೋಶವನ್ನು ತುಂಬುತ್ತದೆ, ಆಮೇಲಿನವು ಇಂಗಾಲದ ಡೈಆಕ್ಸೈಡನ್ನು ತೊಳೆದು ರಕ್ತವನ್ನೂ ಸ್ನಾಯುವನ್ನೂ ತುಂಬಬೇಕು. ಕೊನೆಯ ಉಸಿರೆಳೆದು ಬಾಲವನ್ನು ನೆಟ್ಟಗೆ ಮೇಲೆತ್ತಿತೆಂದರೆ ಇನ್ನು ಮುಕ್ಕಾಲು ಗಂಟೆ ಕಾಣುವುದಿಲ್ಲ.

ಎಲ್ಲರನ್ನೂ ಮೀರಿಸಿದ್ದು ಎರಡು ಮೂರು ಟನ್ನಿನ, ಹೆಚ್ಚು ಜನ ಹೆಸರೇ ಕೇಳಿರದ ಕುವಿಯರ್ ಕೊಕ್ಕಿನ ತಿಮಿಂಗಿಲ. 2014ರಲ್ಲಿ ಪ್ರಕಟವಾದ ದಾಖಲೆಯಲ್ಲಿ ಅದು 2,992 ಮೀಟರ್ ಇಳಿದಿತ್ತು. 2020ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ 222 ನಿಮಿಷ, ಅಂದರೆ 3 ಗಂಟೆ 42 ನಿಮಿಷ ಮುಳುಗಿತ್ತು. ಅದರ ದಾಸ್ತಾನಿನ ಲೆಕ್ಕಾಚಾರದ ಪ್ರಕಾರ ಅರ್ಧ ಗಂಟೆ ದಾಟಿದ ಮೇಲೆ ಲ್ಯಾಕ್ಟಿಕ್ ಆಮ್ಲದ ಸಾಲ ಶುರುವಾಗಬೇಕಿತ್ತು. ತರಬೇತಿ ಪಡೆದ ಮನುಷ್ಯರು ನೀರಿನಲ್ಲಿ ಕದಲದೆ ತೇಲುತ್ತ, ಮಾಮೂಲಿ ಗಾಳಿಯನ್ನಷ್ಟೇ ಎಳೆದುಕೊಂಡು ಉಸಿರು ಹಿಡಿದು 11 ನಿಮಿಷ ದಾಟಿದ್ದಾರೆ. ಆ ತಿಮಿಂಗಿಲ ಆಳಕ್ಕಿಳಿಯುವುದು ಸಾಮಾನ್ಯವಾಗಿ ಬೇಟೆಗೆ ಎಂಬುದನ್ನು ಮರೆಯಬಾರದು.

ಮರೆತರೆ ನಿಲ್ಲುವ ಉಸಿರು

ನಾವು ನಿದ್ದೆಹೋದರೂ ಉಸಿರು ತಾನಾಗಿ ನಡೆಯುತ್ತದೆ. ತಿಮಿಂಗಿಲಕ್ಕೆ ಪ್ರತಿ ಉಸಿರೂ ತಿಳಿದು ಮಾಡುವ ಕೆಲಸ. 1950ರ ದಶಕದಲ್ಲಿ ಅಮೆರಿಕದಲ್ಲಿ ಡಾಲ್ಫಿನ್‌ಗಳಿಗೆ ಅರಿವಳಿಕೆ ಕೊಟ್ಟಾಗ ಉಸಿರು ನಿಂತು ಸತ್ತುಹೋದವು. ನಿದ್ದೆಯಲ್ಲೂ ಉಸಿರು ತಪ್ಪದಂತೆ ಡಾಲ್ಫಿನ್‌ಗಳು ಮಿದುಳಿನ ಒಂದು ಅರ್ಧವನ್ನು ಮಲಗಿಸಿ ಇನ್ನೊಂದನ್ನು ಎಚ್ಚರವಾಗಿಟ್ಟುಕೊಳ್ಳುತ್ತವೆ, ಸರದಿಯ ಮೇಲೆ. ಸ್ಪರ್ಮ್ ತಿಮಿಂಗಿಲಗಳು ಮಾತ್ರ ಕಂಬ ನೆಟ್ಟಂತೆ ನೀರಿನಲ್ಲಿ ನೆಟ್ಟಗೆ ನಿಂತು ಹತ್ತು ಹದಿನೈದು ನಿಮಿಷದ ಗಾಢ ಮಂಪರು ತೆಗೆಯುವುದು ಚಿಲಿಯ ಬಳಿ ಕಂಡುಬಂತು.

ಎಲ್ಲಿ ಎಡವುತ್ತದೆ?

ಬಲೆಗೆ ಸಿಕ್ಕ ತಿಮಿಂಗಿಲ, ಡಾಲ್ಫಿನ್‌ಗಳು ಮುಳುಗಿ ಸಾಯುತ್ತವೆ ಎನ್ನುತ್ತೇವೆ. ಶ್ವಾಸಕೋಶದಲ್ಲಿ ನೀರು ಅಷ್ಟಾಗಿ ಇರುವುದಿಲ್ಲ. ನೀರಿನಡಿಯಲ್ಲಿ ರಂಧ್ರ ತೆರೆಯದೆ ದಾಸ್ತಾನು ತೀರುವವರೆಗೆ ಒದ್ದಾಡಿ ಉಸಿರುಕಟ್ಟುತ್ತದೆ.

ಮಂಜುಗಡ್ಡೆಯೂ ಬಲೆಯಾಗಬಹುದು. 1988ರಲ್ಲಿ ಅಲಾಸ್ಕಾದ ಬ್ಯಾರೋ ಬಳಿ ಮೂರು ಗ್ರೇ ತಿಮಿಂಗಿಲಗಳು ಹೆಪ್ಪುಗಟ್ಟುತ್ತಿದ್ದ ಕಡಲಿನಲ್ಲಿ ಸಿಕ್ಕಿಕೊಂಡವು. ಅಲ್ಲಿನ ಜನ ಗರಗಸಗಳಿಂದ ಸಾಲಾಗಿ ಉಸಿರುಗಿಂಡಿಗಳನ್ನು ಕೊರೆದರು, ಕೊನೆಗೆ ಸೋವಿಯತ್ ಹಿಮಭೇದಕ ಹಡಗುಗಳು ದಾರಿ ಬಿಡಿಸಿದವು. ಎರಡು ಅಲ್ಲಿಂದ ಹೊರಟವು, ಮರಿ ಅದಕ್ಕೂ ಮೊದಲೇ ಕಾಣೆಯಾಗಿತ್ತು. ಅದೇ ಕಡಲಿನ ಬೋಹೆಡ್ ತಿಮಿಂಗಿಲಕ್ಕೆ ಈ ಚಿಂತೆ ಕಡಿಮೆ. ತಲೆಯ ಮೇಲೆ ದಿಬ್ಬದಂತೆ ಎದ್ದ ರಂಧ್ರದ ಭಾಗದಿಂದ ಅದು ಗಡ್ಡೆಯನ್ನೇ ಒಡೆಯುತ್ತದೆ.

ಮೂರನೆಯದು ಸದ್ದು. 2002ರಲ್ಲಿ ಕೆನರಿ ದ್ವೀಪಗಳ ಬಳಿ ನೌಕಾಪಡೆಗಳ ಅಭ್ಯಾಸ ನಡೆದಾಗ ಕೊಕ್ಕಿನ ತಿಮಿಂಗಿಲಗಳು ಗುಂಪಾಗಿ ದಡಕ್ಕೆ ಬಂದು ಸತ್ತವು. ಅವುಗಳ ಅಂಗಾಂಗಗಳಲ್ಲಿ ಅನಿಲದ ಗುಳ್ಳೆಗಳಿದ್ದವು, ಮುಳುಗುಗಾರರ ಕಾಯಿಲೆಯನ್ನೇ ಹೋಲುವಂತೆ. ನೀರಿನಡಿಯ ವಸ್ತುಗಳನ್ನು ಪತ್ತೆಹಚ್ಚಲು ಹಡಗುಗಳು ಹೊಮ್ಮಿಸುವ ಸೋನಾರ್ ಸದ್ದಿಗೆ ಬೆದರಿ ಮುಳುಗುವ ಲಯ ತಪ್ಪಿದರೆ ಗುಳ್ಳೆಗಳಿಂದ ಕಾಪಾಡುವ ವ್ಯವಸ್ಥೆಯೂ ಕೈಕೊಡುತ್ತದೆ ಎಂಬುದು ತಜ್ಞರ ವಿವರಣೆ. 2004ರಲ್ಲಿ ಸ್ಪೇನ್ ಆ ದ್ವೀಪಗಳ ಸುತ್ತ ಇಂಥ ಸೋನಾರ್ ಬಳಕೆ ನಿಲ್ಲಿಸಿತು.

ಗಾಳಿಯಲ್ಲಿದ್ದೂ ಸಾಯುವುದೇಕೆ?

ನೀರಿನಲ್ಲಿ ತೇಲುವಾಗ ತಿಮಿಂಗಿಲಕ್ಕೆ ತನ್ನ ತೂಕದ ಅರಿವಿಲ್ಲ. ದಡದಲ್ಲಿ ಅಷ್ಟೂ ಟನ್ ಅದರ ಎದೆಯ ಮೇಲೆಯೇ ಬೀಳುತ್ತದೆ. ಆಳದಲ್ಲಿ ಒಳಕ್ಕೆ ಮಡಚಿಕೊಂಡು ಕಾಪಾಡಿದ ಸಡಿಲ ಪಕ್ಕೆಲುಬುಗಳು ಇಲ್ಲಿ ಭಾರ ಹೊರಲಾರವು. ಪ್ರತಿ ಉಸಿರಿಗೂ ತನ್ನ ಮೈಯನ್ನೇ ಎತ್ತಬೇಕು, ಅಡಿಯಲ್ಲಿ ಸಿಕ್ಕ ಶ್ವಾಸಕೋಶ ಅಮುಕಿಹೋಗಿರುತ್ತದೆ. ದಪ್ಪ ಕೊಬ್ಬಿನ ಹೊದಿಕೆಯಿಂದ ಮೈ ಮಿತಿಮೀರಿ ಬಿಸಿಯಾಗುತ್ತದೆ. ಜಜ್ಜಿದ ಸ್ನಾಯುಗಳಿಂದ ಮಯೋಗ್ಲೋಬಿನ್ ರಕ್ತಕ್ಕೆ ಸೋರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕಡಲಿನಲ್ಲಿ ಗಂಟೆಗಟ್ಟಲೆ ಬದುಕಿಸಿದ ಪ್ರೋಟೀನ್ ಮರಳಿನಲ್ಲಿ ವಿಷವಾಗುತ್ತದೆ. ನೀರಿಗೆ ಮರಳಿದ ಪ್ರಾಣಿ ಎರಡು ದಿನದ ಮೇಲೆ ಸಾಯುವುದಕ್ಕೆ ಇದೂ ಒಂದು ಕಾರಣ.

ಇಂಥ ಪ್ರಾಣಿ ಕಣ್ಣಿಗೆ ಬಿದ್ದರೆ ಮೊದಲು ವನ್ಯಜೀವಿ ಅಧಿಕಾರಿಗಳಿಗೆ ತಿಳಿಸಬೇಕು. ಅವರು ಬರುವವರೆಗೆ ಮಾಡಬಹುದಾದದ್ದು ಇಷ್ಟು. ಜನರನ್ನೂ ನಾಯಿಗಳನ್ನೂ ದೂರವಿಡಿ. ಚಿಕ್ಕ ಪ್ರಾಣಿ ಪಕ್ಕಕ್ಕೆ ಬಿದ್ದಿದ್ದರೆ, ಕೈ ಸಾಕಷ್ಟಿದ್ದರೆ, ಹೊಟ್ಟೆಯ ಮೇಲೆ ನೆಟ್ಟಗೆ ಕೂರುವಂತೆ ಹೊರಳಿಸಿ. ಪಕ್ಕಕ್ಕೆ ಬಿದ್ದಿರುವಾಗ ಉಬ್ಬರದ ನೀರು ಬಂದರೆ ರಂಧ್ರ ಮುಳುಗುತ್ತದೆ. ಈಜುರೆಕ್ಕೆಗಳ ಕೆಳಗೆ ಮರಳು ತೋಡಿ ಗುಂಡಿ ಮಾಡಿದರೆ ಅವು ಮುರಿಯುವುದಿಲ್ಲ. ಒದ್ದೆ ಬಟ್ಟೆ ಹೊದಿಸಿ, ನೀರು ಹಾಕುತ್ತಿರಿ, ನೆರಳು ಮಾಡಿ. ಬ್ಲೋಹೋಲ್ ಮೇಲೆ ಮಾತ್ರ ಬಟ್ಟೆಯೂ ಬೇಡ, ನೀರೂ ಬೇಡ, ಮರಳೂ ಬೇಡ. ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಬಕೆಟ್ ಸುರಿಯುವವರಿದ್ದಾರೆ. ರಂಧ್ರ ತೆರೆದ ಗಳಿಗೆಗೆ ಸರಿಯಾಗಿ ಸುರಿದರೆ ಆ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರ ಮೇಲೆ ಬಾಗಿ ನಿಲ್ಲಬೇಡಿ, ಉಸಿರಿನ ಹನಿಗಳಲ್ಲಿ ಮನುಷ್ಯರಿಗೂ ತಗಲುವ ರೋಗಾಣುಗಳಿರಬಹುದು. ಬಾಲದ ಹತ್ತಿರ ಹೋಗಬೇಡಿ, ಬಾಲ ಹಿಡಿದು ಎಳೆಯುವುದಂತೂ ಬೇಡ, ಬೆನ್ನುಮೂಳೆ ಕಳಚುತ್ತದೆ. ನಿಮಿಷಕ್ಕೆ ಎಷ್ಟು ಬಾರಿ ಉಸಿರು ಬಿಡುತ್ತದೆಂದು ಎಣಿಸಿ ಬರೆದಿಟ್ಟುಕೊಂಡರೆ ಬರುವ ವೈದ್ಯರಿಗೆ ಬಹಳ ಉಪಯೋಗ.

ಮತ್ತೆ ನೀರಿಗೆ ಬಿಡುವುದು ತರಬೇತಿ ಪಡೆದವರ ಕೆಲಸ. ಅವರೂ ಒಮ್ಮೆಲೇ ಆಳಕ್ಕೆ ತಳ್ಳುವುದಿಲ್ಲ. ಗಂಟೆಗಟ್ಟಲೆ ಒಂದೇ ಮಗ್ಗುಲಾಗಿದ್ದ ಮೈ ವಾಲುತ್ತಿರುತ್ತದೆ, ಸ್ನಾಯುಗಳು ಮರಗಟ್ಟಿರುತ್ತವೆ. ಎದೆಮಟ್ಟದ ನೀರಿನಲ್ಲಿ ಎರಡೂ ಕಡೆ ನಿಂತು, ನೆತ್ತಿ ಮೇಲಿರುವಂತೆ ಆನಿಸಿಕೊಂಡು, ಅದು ತಾನಾಗಿ ತಲೆ ಎತ್ತಿ ಉಸಿರೆಳೆಯುವವರೆಗೆ ಹಿಡಿದಿರುತ್ತಾರೆ.